ಪಾಚಿಯ ಲೆಕ್ಕಾಚಾರ: ಗಾಜಿನ ತೊಟ್ಟಿಯಿಂದ ಜಕ್ಕೂರು ಕೆರೆಯವರೆಗೆ



ಯಲಹಂಕದಿಂದ ಆರ್.ಟಿ. ನಗರದವರೆಗೆ ನಿಮ್ಮಲ್ಲಿ ಹಲವರ ಮನೆಗಳಲ್ಲಿ ಇಂದು ಗಿಡ ನೆಟ್ಟ ಮೀನುತೊಟ್ಟಿಗಳಿವೆ. ಎಷ್ಟು ಉಜ್ಜಿದರೂ ಪಾಚಿ ಮರಳಿ ಬರುತ್ತದೆಂಬುದು ಎಲ್ಲರ ದೂರು. ಈ ದೂರಿಗೆ 170 ವರ್ಷಗಳಿಗೂ ಮಿಗಿಲಾದ ಇತಿಹಾಸವುಂಟು. ಅದಕ್ಕೆ ಉತ್ತರ ನಮ್ಮ ಕೆರೆಗಳ ದಡದಲ್ಲಿಯೂ ದೊರೆಯುತ್ತದೆ.

ಲಂಡನ್ನಿನ ರಸಾಯನಶಾಸ್ತ್ರಜ್ಞ ರಾಬರ್ಟ್ ವಾರಿಂಗ್ಟನ್ 1850ರಲ್ಲಿ ತಮ್ಮದೊಂದು ಪ್ರಯೋಗವನ್ನು ಪ್ರಕಟಿಸಿದರು. ಗಾಜಿನ ಪಾತ್ರೆಯೊಂದರಲ್ಲಿ ಎರಡು ಪುಟ್ಟ ಗೋಲ್ಡ್‌ಫಿಶ್‌ಗಳನ್ನೂ ವ್ಯಾಲಿಸ್ನೇರಿಯಾ ಎಂಬ ನೀರುಗಿಡವನ್ನೂ ಅವರು ಇಟ್ಟಿದ್ದರು. ಗಿಡ ಆಮ್ಲಜನಕ ನೀಡಿತು, ಮೀನುಗಳು ಬದುಕಿದವು. ಆದರೆ ಹಳೆಯ ಎಲೆಗಳು ಕೊಳೆತು ನೀರು ಕದಡಿತು, ಗಾಜಿಗೆ ಹಸಿರು ಲೋಳೆ ಅಂಟಿತು. ಆಗ ಅವರು ನೀರಿನ ಬಸವನಹುಳುಗಳನ್ನು ಬಿಟ್ಟರು. ಅವು ಕೊಳೆತದ್ದನ್ನೂ ಲೋಳೆಯನ್ನೂ ತಿಂದವು, ನೀರು ತಿಳಿಯಾಯಿತು.

ಗಿಡಕ್ಕೂ ಪಾಚಿಗೂ ಬೇಕಾದುವು ಒಂದೇ: ಬೆಳಕು, ಇಂಗಾಲ, ಸಾರಜನಕ, ರಂಜಕ. ಗಿಡಗಳು ಬಳಸದೆ ಉಳಿಸಿದ್ದು ಪಾಚಿಯ ಪಾಲಾಗುತ್ತದೆ. ಹಾಗೆಂದು ಪೋಷಕಾಂಶವನ್ನೇ ನಿಲ್ಲಿಸಿ ದೀಪವನ್ನು ಮಾತ್ರ ಉರಿಸಿದರೆ ಗಿಡ ಸೊರಗಿ, ಅಲ್ಪದಲ್ಲಿಯೇ ಬಾಳಬಲ್ಲ ಪಾಚಿ ಎಲೆಗಳನ್ನೇರುತ್ತದೆ. ದಿನಕ್ಕೆ ಏಳೆಂಟು ಗಂಟೆ ದೀಪ ಸಾಕು. ನೇರ ಬಿಸಿಲು ಬೇಡ. ಮೀನು ತಿಂದು ಮುಗಿಸುವಷ್ಟೇ ಆಹಾರ ಹಾಕಿರಿ, ವಾರಕ್ಕೊಮ್ಮೆ ಕಾಲು ಭಾಗ ನೀರು ಬದಲಿಸಿರಿ, ಹೆಚ್ಚಿ ಬೆಳೆದ ಗಿಡವನ್ನು ಕತ್ತರಿಸಿ ಹೊರಗೆ ತೆಗೆಯಿರಿ.

ತೊಟ್ಟಿಯ ಈ ನಿಯಮ ಕೆರೆಗೂ ಸಲ್ಲುತ್ತದೆಯೇ? 1973ರಲ್ಲಿ ಕೆನಡಾದ ವಿಜ್ಞಾನಿ ಡೇವಿಡ್ ಷಿಂಡ್ಲರ್ ಮತ್ತು ಸಂಗಡಿಗರು ಒಂದು ಸರೋವರವನ್ನು ಪರದೆಯಿಂದ ಎರಡಾಗಿ ವಿಭಾಗಿಸಿದರು. ಎರಡೂ ಭಾಗಗಳಿಗೆ ಇಂಗಾಲ, ಸಾರಜನಕಗಳನ್ನು ಬೆರೆಸಿ, ಒಂದಕ್ಕೆ ಮಾತ್ರ ರಂಜಕವನ್ನೂ ಸೇರಿಸಿದರು. ಆ ಭಾಗವೇ ಪಾಚಿಯಿಂದ ಹಸಿರುಗಟ್ಟಿತು.

ರಂಜಕದ ಹೆಸರನ್ನೇ ಕೇಳದ ನಮ್ಮ ಹಿರಿಯರು ಬೇಸಿಗೆಯಲ್ಲಿ ಕೆರೆ ಬತ್ತಿದಾಗ ಗೋಡುಮಣ್ಣನ್ನು ಗಾಡಿಗಳಲ್ಲಿ ಹೊಲಗಳಿಗೆ ಸಾಗಿಸುತ್ತಿದ್ದರು. ಬೆಳೆಗೆ ಗೊಬ್ಬರವಾಯಿತು, ಕೆರೆಯ ಭಾರವೂ ಇಳಿಯಿತು. ಹೊಲಗಳು ಬಡಾವಣೆಗಳಾದ ಮೇಲೆ ಗೋಡು ಒಯ್ಯುವವರಿಲ್ಲವಾದರು. ಮೇಲಾಗಿ ಮನೆಮನೆಯ ಚರಂಡಿನೀರು ಮಲಮೂತ್ರ, ಸಾಬೂನುಪುಡಿಗಳ ರಂಜಕವನ್ನು ಹೊತ್ತು ಕೆರೆಗಿಳಿಯಿತು. ಬರುವುದು ಹೆಚ್ಚಿತು, ಹೊರಹೋಗುವುದು ನಿಂತಿತು.

ಈ ಲೆಕ್ಕವನ್ನು ಮತ್ತೆ ಸರಿಪಡಿಸುವ ಯತ್ನವನ್ನು ಸುಮಾರು 160 ಎಕರೆಯ ಜಕ್ಕೂರು ಕೆರೆಯಲ್ಲಿ ಕಾಣಬಹುದು. ಅಲ್ಲಿ ಜಲಮಂಡಳಿಯ ಶುದ್ಧೀಕರಣ ಘಟಕದಿಂದ ಬರುವ ನೀರು ನೇರವಾಗಿ ಕೆರೆಯೊಡಲಿಗೆ ಸೇರದೆ, ಆಪುಹುಲ್ಲು ಬೆಳೆದ ಜೌಗಿನ ಮೂಲಕ ಹಾದುಬರುತ್ತದೆ. ಶುದ್ಧೀಕರಿಸಿದ ನೀರಿನಲ್ಲಿಯೂ ಸಾರಜನಕ, ರಂಜಕಗಳು ಉಳಿದಿರುತ್ತವೆಯಷ್ಟೆ. ಜೌಗಿನ ಗಿಡಗಳೂ ಅಲ್ಲಿಯ ಪಾಚಿಯೂ ಅವನ್ನು ಹೀರಿಕೊಳ್ಳುವುದನ್ನು ಭಾರತೀಯ ವಿಜ್ಞಾನ ಸಂಸ್ಥೆಯ ಟಿ.ವಿ. ರಾಮಚಂದ್ರ ಮತ್ತು ಸಂಗಡಿಗರ ಅಧ್ಯಯನಗಳು ತೋರಿಸಿವೆ. ಕೆರೆಯಲ್ಲಿ ಮೀನುಗಾರಿಕೆಯೂ ನಡೆಯುತ್ತ ಬಂದಿದೆ.

ಇಲ್ಲೊಂದು ಎಚ್ಚರಿಕೆ ಅಗತ್ಯ. ಸಾರಜನಕದ ಒಂದಂಶ ಅನಿಲವಾಗಿ ಗಾಳಿಗೆ ಸೇರಬಲ್ಲದು; ರಂಜಕ ಹಾಗೆ ಹೋಗುವುದಿಲ್ಲ. ಬೆಳೆದ ಆಪನ್ನೂ ಅಂತರಗಂಗೆಯನ್ನೂ ಕಾಲಕಾಲಕ್ಕೆ ಕೊಯ್ದು ಸಾಗಿಸದಿದ್ದರೆ, ಅವು ಕೊಳೆತು ಹೀರಿದ್ದನ್ನೆಲ್ಲ ನೀರಿಗೇ ಹಿಂತಿರುಗಿಸುತ್ತವೆ. ಕೊಳೆಯುವಾಗ ಆಮ್ಲಜನಕವೂ ತೀರಿ ಮೀನುಗಳು ಸಾಯುತ್ತವೆ. ಜಕ್ಕೂರಿನ ನೀರು ಮುಂದೆ ರಾಚೇನಹಳ್ಳಿ ಕೆರೆಗೆ ಹರಿಯುವುದರಿಂದ ಒಂದು ಕೆರೆಯ ಉಪೇಕ್ಷೆ ಇನ್ನೊಂದಕ್ಕೂ ತಟ್ಟುತ್ತದೆ. ಕೆರೆಗಳ ಜೀರ್ಣೋದ್ಧಾರವೆಂದರೆ ಬೇಲಿ, ನಡಿಗೆದಾರಿಗಳಷ್ಟೇ ಎಂದು ತಿಳಿಯುವವರಿಗೆ, ಪ್ರತಿವರ್ಷ ಹುಲ್ಲು ಕೊಯ್ದು ಹೂಳೆತ್ತುವ ಕೂಲಿಯನ್ನೂ ಲೆಕ್ಕದಲ್ಲಿ ಬರೆಯಿರೆಂದು ನೀವು ಹೇಳಬೇಕು.