ಮಟಮಾರಿಯ ಬಾಯಿಲೆಕ್ಕ

ಮಗ್ಗಿಯ ವಿಷಯವಾಗಿ ನಮ್ಮಲ್ಲಿ ಎಲ್ಲರೂ ಮಾತನಾಡುತ್ತಾರೆ. ಕೂಡುವ ಲೆಕ್ಕದ ವಿಷಯವಾಗಿ ಮಾತನಾಡುವವರು ಕಡಿಮೆ. ಎಂಟಕ್ಕೆ ಐದು ಕೂಡಿದರೆ ಹದಿಮೂರು. ಇದರಲ್ಲಿ ಹೇಳುವಂಥದೇನಿದೆ ಎಂದು ದೊಡ್ಡವರು ಕೇಳಬಹುದು. ಆದರೆ ಆರು ವರುಷದ ಕೂಸಿಗೆ ಅದು ಸಣ್ಣ ಸಂಗತಿಯಲ್ಲ. ಅದನ್ನು ಕಲಿಸುವ ಬಗೆಗೂ ಒಂದು ಇತಿಹಾಸವಿದೆ. ಅದರ ಒಂದು ಎಳೆ ನಮ್ಮ ರಾಯಚೂರು ಸೀಮೆಯಲ್ಲಿದೆ.

ಗ್ರಂಥಗಳಲ್ಲಿ ಈ ಇತಿಹಾಸವನ್ನು ಹುಡುಕಹೊರಟವರಿಗೆ ಅಷ್ಟೇನೂ ದೊರೆಯದು. 9ನೆಯ ಶತಮಾನದಲ್ಲಿ, ರಾಷ್ಟ್ರಕೂಟ ನೃಪತುಂಗನ ಕಾಲದಲ್ಲಿ, ಮಹಾವೀರಾಚಾರ್ಯನು ಸಂಸ್ಕೃತದಲ್ಲಿ ‘ಗಣಿತಸಾರಸಂಗ್ರಹ’ವನ್ನು ರಚಿಸಿದನು. ನೃಪತುಂಗನ ರಾಜಧಾನಿಯಾದ ಮಳಖೇಡ ನಮಗೇನೂ ಬಹು ದೂರದ ಊರಲ್ಲ. ಆ ಗ್ರಂಥದಲ್ಲಿ ಎಂಟು ಪರಿಕರ್ಮಗಳಿವೆ: ಗುಣಾಕಾರ, ಭಾಗಾಕಾರ, ವರ್ಗ, ವರ್ಗಮೂಲ, ಘನ, ಘನಮೂಲ, ಕೊನೆಯಲ್ಲಿ ಶ್ರೇಢಿಗಳ ಸಂಕಲಿತ, ವ್ಯುತ್ಕಲಿತ. ಬಿಡಿ ಸಂಖ್ಯೆಗಳನ್ನು ಕೂಡುವ, ಕಳೆಯುವ ವಿಧಿಗೆ ಮಾತ್ರ ಅಲ್ಲಿ ಸ್ಥಾನವಿಲ್ಲ. ಓದುಗನಿಗೆ ಅದು ಬಂದೇ ಇರುತ್ತದೆಂದು ಆಚಾರ್ಯನು ಭಾವಿಸಿದ್ದಿರಬೇಕು. ಪಡಸಾಲೆಯಲ್ಲಿ, ಅಂಗಡಿಯ ಕಟ್ಟೆಯ ಮೇಲೆ ಬಾಯಿಂದ ಬಾಯಿಗೆ ಬರುವ ವಿದ್ಯೆಯನ್ನು ಶ್ಲೋಕದಲ್ಲಿ ಹೇಳುವುದೇಕೆ?

ನಾನು ಅದನ್ನು ಕಲಿತದ್ದೂ ಕಟ್ಟೆಯ ಮೇಲೆಯೇ. ಚಿಕ್ಕಂದಿನಲ್ಲಿ ನನಗೆ ಇಪ್ಪತ್ತರವರೆಗೆ ಮಗ್ಗಿ ಬಾಯಿಪಾಠವಾಗಿತ್ತು. ಕೂಡುವುದಕ್ಕೆ ಮಾತ್ರ ಬೆರಳು ಬೇಕಾಗುತ್ತಿತ್ತು. ಬೆರಳೆಣಿಸಿದರೆ ಶಾಲೆಯಲ್ಲಿ ಗೆಣ್ಣಿನ ಮೇಲೆ ಅಳತೆಪಟ್ಟಿಯ ಪೆಟ್ಟು ಬೀಳುತ್ತಿತ್ತು. ಒಂದು ದಿನ ಕೈ ಬಾತುಕೊಂಡು ಮನೆಗೆ ಬಂದಾಗ ಮಟಮಾರಿಯ ನಮ್ಮ ಮುತ್ಯಾ ನನ್ನನ್ನು ಹತ್ತಿರ ಕೂಡಿಸಿಕೊಂಡು ಕೇಳಿದ:

“ಎಂಟು ಹತ್ತಾಗಲಿಕ್ಕೆ ಎಷ್ಟು ಬೇಕೋ ತಮ್ಮಾ?”

“ಎರಡು, ಮುತ್ಯಾ.”

“ಆ ಐದರಾಗಿಂದ ಎರಡು ತೆಗದು ಕೊಡು. ನಿನ್ನ ಕೈಯಾಗ ಏನುಳೀತು?”

“ಮೂರು.”

“ಮತ್ತ ಆತಲ್ಲ! ಹತ್ತರ ಮ್ಯಾಲ ಮೂರು, ಹದಿಮೂರು. ಮೊದಲ ಸೇರು ತುಂಬಿಸು, ಮಿಕ್ಕಿದ್ದು ಆಮ್ಯಾಲ ನೋಡು.”

ಈ ‘ತುಂಬಿಸುವ’ ಜಾಣ್ಮೆ ಮುತ್ಯಾನಿಗೆ ಬಂದದ್ದು ಗಡಿಯಿಂದ. ಮಟಮಾರಿ ರಾಯಚೂರಿನಿಂದ ಗುಂತಕಲ್ಲಿಗೆ ಹೋಗುವ ರೈಲುಮಾರ್ಗದಲ್ಲಿದೆ. 1948ಕ್ಕೆ ಮೊದಲು ಇದು ನಿಜಾಮರ ಸೀಮೆ. ತುಂಗಭದ್ರೆಯ ಆಚೆ ಬ್ರಿಟಿಷರ ಮದರಾಸು ಪ್ರಾಂತ. ಈಚೆ ಹಾಲಿ ಸಿಕ್ಕಾ, ಆಚೆ ಕಲ್ದಾರ್ ರೂಪಾಯಿ. ಕಲ್ದಾರ್ ಆರಕ್ಕೆ ಹಾಲಿ ಏಳು ಎಂಬುದು ಸಾಮಾನ್ಯ ದರ. ಆದವಾನಿಯ ಪೇಟೆಯಿಂದ ಮೂವತ್ತು ಕಲ್ದಾರಿನ ಸಾಮಾನು ತಂದ ವ್ಯಾಪಾರಿ ಕಾಗದ ಹಿಡಿಯುತ್ತಿರಲಿಲ್ಲ: ಮೂವತ್ತರಲ್ಲಿ ಆರು ಐದು ಸಲ, ಐದು ಕೂಡಿದರೆ ಮೂವತ್ತೈದು ಹಾಲಿ. ಇದರ ಮೇಲೆ ರೂಪಾಯಿಗೆ ಹದಿನಾರು ಆಣೆ, ಆಣೆಗೆ ಹನ್ನೆರಡು ಪೈ. ಒಂಬತ್ತಾಣೆಗೆ ಎಂಟಾಣೆ ಕೂಡಬೇಕಾದರೆ ಹತ್ತನ್ನಲ್ಲ, ಹದಿನಾರನ್ನು ತುಂಬಿಸಬೇಕು. ಒಂಬತ್ತಕ್ಕೆ ಏಳು ಕೊಟ್ಟರೆ ಒಂದು ರೂಪಾಯಿ, ಮಿಕ್ಕಿದ್ದು ಒಂದಾಣೆ. ಕಾಲು, ಅರೆ, ಮುಕ್ಕಾಲು ಮಗ್ಗಿಗಳನ್ನು ಮಕ್ಕಳಿಂದ ಒಪ್ಪಿಸಿಕೊಳ್ಳುತ್ತಿದ್ದುದಕ್ಕೂ ಈ ನಾಣ್ಯವ್ಯವಸ್ಥೆಯೇ ಒಂದು ಕಾರಣ.

1957ರ ಏಪ್ರಿಲ್ 1ರಂದು ದಶಮಾಂಶ ನಾಣ್ಯ ಬಂದಿತು. 1959ರಲ್ಲಿ ಹಾಲಿ ಸಿಕ್ಕಾ ಪೂರ್ತಿಯಾಗಿ ಹೋಯಿತು. ಕಾಲಮಗ್ಗಿಯ ಕಷ್ಟ ತಪ್ಪಿದ್ದಕ್ಕೆ ಯಾರೂ ಅಳಬೇಕಾಗಿಲ್ಲ. ಆದರೆ ಅದರೊಡನೆ ಅಂಗಡಿಕಟ್ಟೆಯ ಅಭ್ಯಾಸವೂ ಸಡಿಲವಾಯಿತು. ಎಲ್ಲವೂ ಹತ್ತರ ಲೆಕ್ಕಕ್ಕೆ ಬಂದು ಸುಲಭವಾದ ಕಾಲದಲ್ಲಿಯೇ ಹತ್ತನ್ನು ತುಂಬಿಸುವ ಬಗೆಯನ್ನು ನಾವು ಮಕ್ಕಳಿಗೆ ಹೇಳಿಕೊಡುವುದನ್ನು ಬಿಟ್ಟೆವು.

ಕನ್ನಡ ಪಾಠ ಹೇಳುವವನಾಗಿ ನನಗೆ ಇನ್ನೊಂದು ಸೋಜಿಗ. ಈ ಉಪಾಯವು ನಮ್ಮ ನುಡಿಯಲ್ಲಿಯೇ ಅಡಗಿದೆ. ‘ಒಂಬತ್ತು’ ಎಂಬುದನ್ನು ಭಾಷಾಶಾಸ್ತ್ರಜ್ಞರು ಒನ್, ಪತ್ತು ಎಂದು ಬಿಡಿಸಿ, ಹತ್ತಕ್ಕೆ ಒಂದು ಕಡಿಮೆ ಎಂದು ಅರ್ಥ ಹೇಳುತ್ತಾರೆ. ಹಾಗಾದರೆ ಒಂಬತ್ತಕ್ಕೆ ಏಳು ಕೂಡುವುದು ಹೇಗೆ? ಏಳಕ್ಕೆ ಹತ್ತು ಕೂಡಿ ಒಂದು ಕಳೆ ಎಂದು ಆ ಪದವೇ ಹೇಳಿಕೊಡುತ್ತದೆ. ಇಪ್ಪತ್ತು ಎರಡು ಹತ್ತು. ಮೂವತ್ತು ಮೂರು ಹತ್ತು. ಹದಿಮೂರರಲ್ಲಿ ಹತ್ತೂ ಮೂರೂ ಎದುರಿಗೇ ನಿಂತಿವೆ. ನಿಜಾಮರ ಕಾಲದಲ್ಲಿ ಮೇಲಿನ ತರಗತಿಗಳ ಬೋಧನಭಾಷೆ ಉರ್ದುವಾಗಿತ್ತು. ಅಲ್ಲಿಯ ‘ಉನ್ತೀಸ್’ ಎಂಬ ಮಾತೂ ಮೂವತ್ತಕ್ಕೆ ಒಂದು ಕಡಿಮೆ ಎಂದೇ ಸಾರುತ್ತದೆ. ಜಾಣ್ಮೆಗೆ ಭಾಷೆಯ ಗಡಿಯಿಲ್ಲ. ಜಪಾನಿನಲ್ಲಿಯೂ ಒಂದನೆಯ ತರಗತಿಯ ಮಕ್ಕಳಿಗೆ ಹತ್ತು ಮಾಡಿಕೊಂಡು ಕೂಡುವುದನ್ನೇ ಕಲಿಸುತ್ತಾರೆ.

ನಮ್ಮ ಶಾಲೆಗಳು ಇದನ್ನು ಅರಿಯದೆ ಇಲ್ಲ. 1995ರಲ್ಲಿ ಹೆಗ್ಗಡದೇವನಕೋಟೆಯಲ್ಲಿ ಆರಂಭವಾದ ನಲಿ-ಕಲಿ ಪದ್ಧತಿಯು ಮುಂದೆ ರಾಜ್ಯದಲ್ಲೆಲ್ಲ ಹರಡಿ ಮಕ್ಕಳ ಕೈಗೆ ಮಣಿ, ಕಡ್ಡಿಗಳನ್ನು ಕೊಟ್ಟಿತು. ಆದರೂ ಉತ್ತರ ಎಷ್ಟು ಎಂದು ಕೇಳುವ ನಾವು, ಹೇಗೆ ಮಾಡಿದೆ ಎಂದು ಕೇಳುವುದು ಅಪರೂಪ.

ಕಳೆದ ದೀಪಾವಳಿಗೆ ಊರಿಗೆ ಹೋದಾಗ, ಎರಡನೆಯ ತರಗತಿಯಲ್ಲಿರುವ ತಮ್ಮನ ಮಗಳನ್ನು ಒಂಬತ್ತಕ್ಕೆ ಏಳು ಕೂಡಿದರೆ ಎಷ್ಟೆಂದು ಕೇಳಿದೆ. ಅವಳು ಕೈಯನ್ನು ಲಂಗದ ಮಡಿಕೆಯಲ್ಲಿ ಅಡಗಿಸಿಕೊಂಡು ಎಣಿಸತೊಡಗಿದಳು. ಆ ಅಂಜಿಕೆಯ ಗುರುತು ನನಗೆ ಚೆನ್ನಾಗಿತ್ತು.

“ಕೈ ಯಾಕ ಮುಚ್ಚಿಡ್ತೀ ಅವ್ವಾ? ಒಂಬತ್ತು ಬೆರಳು ತೋರಿಸು. ಹತ್ತಾಗಲಿಕ್ಕೆ ಎಷ್ಟು ಬೇಕು?” ಎಂದೆ.

“ಒಂದು, ದೊಡ್ಡಪ್ಪಾ.”

ಮಡಿಚಿದ್ದ ಆ ಒಂದು ಬೆರಳನ್ನು ಅವಳೇ ಬಿಚ್ಚಿದಳು. ಏಳರಲ್ಲಿ ಉಳಿದದ್ದು ಆರು. ಹದಿನಾರು ಎಂದು ಹೇಳಿದಾಗ ಅವಳ ಎರಡೂ ಕೈಗಳು ಲಂಗದಿಂದ ಹೊರಗೆ, ಬೆಳಕಿನಲ್ಲಿ ಇದ್ದವು.