ವೃದ್ಧ ತಂದೆತಾಯಿಗಳಿಗೊಂದು ಸೂರು: ಧರ್ಮಸಭೆಯ ಪರಂಪರೆ ಮತ್ತು ನಮ್ಮ ಹೊಣೆ

ಧರ್ಮಕೇಂದ್ರವೊಂದರ ನೂರು ವರ್ಷಗಳ ಚರಿತ್ರೆಯನ್ನು ಬರೆಯುವವರು ಸಾಮಾನ್ಯವಾಗಿ ದೇವಾಲಯದ ಅಸ್ತಿಭಾರ, ಗೋಪುರ, ಗಂಟೆ, ಬಲಿಪೀಠ, ಸೇವೆ ಸಲ್ಲಿಸಿದ ಗುರುಗಳ ನಾಮಾವಳಿ ಇವುಗಳನ್ನು ಕುರಿತು ಬರೆಯುತ್ತಾರೆ. ಈ ಸ್ಮರಣ ಸಂಚಿಕೆಯಲ್ಲಿಯೂ ಅಂಥ ಲೇಖನಗಳಿರುವುದು ಉಚಿತವೇ ಆಗಿದೆ. ಆದರೆ ದೇವರ ಮನೆಯ ಚರಿತ್ರೆಯೊಡನೆ ದೇವರ ಮಕ್ಕಳ ಮನೆಗಳ ಚರಿತ್ರೆಯೂ ಹೆಣೆದುಕೊಂಡಿದೆ. ಈ ದೇವಾಲಯವನ್ನು ತಮ್ಮ ಪ್ರಾರ್ಥನೆಯಿಂದಲೂ ಬೆವರಿನಿಂದಲೂ ಉಳಿಸಿ ಬೆಳೆಸಿದ ಹಿರಿಯರಲ್ಲಿ ಕೆಲವರಿಗೆ ಇಂದು ತಿಂಗಳ ಬಾಡಿಗೆ ತೆರುವುದೇ ದೊಡ್ಡ ಚಿಂತೆಯಾಗಿದೆ. ಪತಿಯನ್ನು ಕಳೆದುಕೊಂಡ ತಾಯಿ, ಅಲ್ಪ ಪಿಂಚಣಿಯ ತಂದೆ, ಎಲ್ಲಿ ಯಾರ ಸೂರಿನಡಿ ಕೊನೆಯ ದಿನಗಳನ್ನು ಕಳೆಯಬೇಕು? ಈ ಪ್ರಶ್ನೆಗೆ ಧರ್ಮಸಭೆಯು ಇಪ್ಪತ್ತು ಶತಮಾನಗಳಲ್ಲಿ ಕೊಟ್ಟ ಉತ್ತರಗಳನ್ನು ಸಂಕ್ಷೇಪವಾಗಿ ಸ್ಮರಿಸುವುದೇ ಈ ಲೇಖನದ ಉದ್ದೇಶ.

ಶಿಲುಬೆಯ ಬುಡದಲ್ಲಿ

ಈ ಪರಂಪರೆಯ ಮೂಲವನ್ನು ನಾವು ಕಲ್ವಾರಿ ಬೆಟ್ಟದಲ್ಲಿಯೇ ಕಾಣುತ್ತೇವೆ. ಪ್ರಾಣ ಬಿಡುವ ಘಳಿಗೆಯಲ್ಲಿ ಪ್ರಭು ಕ್ರಿಸ್ತರು ತಮ್ಮ ತಾಯಿಯನ್ನು ಪ್ರಿಯ ಶಿಷ್ಯನಿಗೆ ಒಪ್ಪಿಸಿದರು. ಅಂದಿನಿಂದ ಆ ಶಿಷ್ಯನು ಆಕೆಯನ್ನು ತನ್ನ ಮನೆಗೆ ಕರೆದೊಯ್ದನೆಂದು ಸಂತ ಯೊವಾನ್ನರ ಶುಭಸಂದೇಶವು ತಿಳಿಸುತ್ತದೆ. ಈ ಘಟನೆಯ ದೈವಶಾಸ್ತ್ರೀಯ ಅರ್ಥವು ಆಳವಾದುದು. ಆದರೂ ಅದರ ಸರಳ ಅರ್ಥವನ್ನು ಮರೆಯಬಾರದು: ಲೋಕದ ರಕ್ಷಣೆಯ ಕಾರ್ಯವನ್ನು ಪೂರೈಸುತ್ತಿದ್ದ ಮಗನು, ತನ್ನ ತಾಯಿಗೆ ಒಂದು ಮನೆಯನ್ನು ಗೊತ್ತುಮಾಡದೆ ಕಣ್ಣು ಮುಚ್ಚಲಿಲ್ಲ.

ಅದೇ ಪ್ರಭು ಫರಿಸಾಯರನ್ನು ಕಟುವಾಗಿ ಖಂಡಿಸಿದ ಒಂದು ಪ್ರಸಂಗ ಸಂತ ಮಾರ್ಕರ ಶುಭಸಂದೇಶದ 7ನೇ ಅಧ್ಯಾಯದಲ್ಲಿದೆ. ತಂದೆತಾಯಿಗಳ ಪೋಷಣೆಗೆ ಸಲ್ಲಬೇಕಾದ ಹಣವನ್ನು 'ಕೊರ್ಬಾನ್', ಅಂದರೆ ದೇವರಿಗೆ ಮೀಸಲು ಎಂದು ಸಾರಿ, ಮಕ್ಕಳು ತಮ್ಮ ಕರ್ತವ್ಯದಿಂದ ನುಣುಚಿಕೊಳ್ಳಲು ಆಗ ಅವಕಾಶವಿತ್ತು. ಪ್ರಭು ಅದನ್ನು ದೇವರ ಆಜ್ಞೆಯ ಉಲ್ಲಂಘನೆಯೆಂದು ತೀರ್ಮಾನಿಸಿದರು. ಶತಮಾನೋತ್ಸವದ ನಿಧಿಗೆ ಕಾಣಿಕೆ ಸಂಗ್ರಹವಾಗುವ ಕಾಲದಲ್ಲಿ ಈ ಮಾತನ್ನು ನೆನಪಿಸುವುದು ಗುರುವಿನ ಕರ್ತವ್ಯ. ತಾಯಿಯ ಬಾಡಿಗೆಯನ್ನು ಬಾಕಿಯಿರಿಸಿ ದೇವಾಲಯಕ್ಕೆ ಹಾಸುವ ಅಮೃತಶಿಲೆ ದೇವರಿಗೆ ಪ್ರಿಯವಾದುದಲ್ಲ.

ಪ್ರೇಷಿತರ ಕಾಲದ ಧರ್ಮಸಭೆಯಲ್ಲಿ ಎದ್ದ ಮೊದಲ ದೂರುಗಳಲ್ಲಿ ಒಂದು ವಿಧವೆಯರ ಪೋಷಣೆಗೆ ಸಂಬಂಧಿಸಿತ್ತು. ದಿನನಿತ್ಯದ ಹಂಚಿಕೆಯಲ್ಲಿ ಗ್ರೀಕ್ ಭಾಷೆಯವರ ವಿಧವೆಯರು ಕಡೆಗಣಿಸಲ್ಪಟ್ಟಾಗ, ಪ್ರೇಷಿತರು ಏಳು ಮಂದಿಯನ್ನು ಆ ಸೇವೆಗೆ ನೇಮಿಸಿದರು. ಮುಂದೆ ತಿಮೊಥೇಯನಿಗೆ ಬರೆದ ಮೊದಲನೆಯ ಪತ್ರದ 5ನೇ ಅಧ್ಯಾಯದಲ್ಲಿ ಇದಕ್ಕೆ ಒಂದು ಕ್ರಮವನ್ನೇ ಕಾಣುತ್ತೇವೆ. ಮೊದಲ ಹೊಣೆ ಮಕ್ಕಳದು ಮತ್ತು ಮೊಮ್ಮಕ್ಕಳದು. ಹೆತ್ತವರ ಋಣವನ್ನು ಅವರು ತೀರಿಸಬೇಕು. ಯಾರೂ ದಿಕ್ಕಿಲ್ಲದ ವಿಧವೆಯ ಹೊಣೆ ಸಭೆಯದು. ಸಭೆಯ ಪಟ್ಟಿಗೆ ಸೇರಿಸಲು ಆಕೆಗೆ 60 ವರ್ಷ ತುಂಬಿರಬೇಕೆಂದೂ ಅಲ್ಲಿ ಹೇಳಿದೆ. ಇಂದಿನ ಕಾನೂನು 'ಹಿರಿಯ ನಾಗರಿಕ' ಎಂದು ಕರೆಯುವುದೂ 60 ತುಂಬಿದವರನ್ನೇ ಎಂಬುದು ಗಮನಾರ್ಹ.

ಸಂತ ಬೆಸಿಲರ ಹೊಸ ನಗರ

ಹಿಂಸೆಯ ಕಾಲ ಮುಗಿದು ಧರ್ಮಸಭೆಗೆ ಸ್ವಾತಂತ್ರ್ಯ ದೊರೆತ ಮೇಲೆ ಈ ಸೇವೆಯು ಕಟ್ಟಡಗಳ ರೂಪ ತಾಳಿತು. ಕ್ರಿ.ಶ. 370ರಿಂದ ಸುಮಾರು ಒಂಬತ್ತು ವರ್ಷ ಕಪ್ಪದೋಕಿಯದ ಸೆಸರೇಯದಲ್ಲಿ ಧರ್ಮಾಧ್ಯಕ್ಷರಾಗಿದ್ದ ಮಹಾ ಸಂತ ಬೆಸಿಲರು ಊರ ಹೊರಗೆ ಬಡವರಿಗೂ ರೋಗಿಗಳಿಗೂ ದಾರಿಹೋಕರಿಗೂ ಆಶ್ರಯಸ್ಥಾನಗಳ ಸಮುಚ್ಚಯವೊಂದನ್ನು ಕಟ್ಟಿಸಿದರು. ಅವರ ಮಿತ್ರರಾದ ನಾಜಿಯಾನ್ಜದ ಸಂತ ಗ್ರೆಗೋರಿಯವರು ಅದನ್ನು ಹೊಸ ನಗರವೆಂದೇ ಕೊಂಡಾಡಿದ್ದಾರೆ. ಆರನೆಯ ಶತಮಾನದ ಜಸ್ಟಿನಿಯನ್ ಚಕ್ರವರ್ತಿಯ ಶಾಸನಗಳಲ್ಲಿ ಅನಾಥಾಲಯ, ಚಿಕಿತ್ಸಾಲಯಗಳೊಡನೆ ವೃದ್ಧರ ಆಲಯಗಳನ್ನೂ ಪ್ರತ್ಯೇಕವಾಗಿ ಹೆಸರಿಸಲಾಗಿದೆ. ಅಂದರೆ, ವೃದ್ಧರಿಗಾಗಿ ಮನೆ ಕಟ್ಟುವುದು ಅಷ್ಟು ಹಿಂದೆಯೇ ಸಭೆಯ ಪರಿಚಿತ ಕಾರ್ಯವಾಗಿತ್ತು.

ವರ್ಷಕ್ಕೊಂದು ನಾಣ್ಯದ ಬಾಡಿಗೆ

ಮಧ್ಯಯುಗದ ಅನೇಕ ಧರ್ಮಛತ್ರಗಳನ್ನು ದಾಟಿ, ನಮ್ಮ ವಿಷಯಕ್ಕೆ ಅತಿ ಸಮೀಪವಾದ ಜರ್ಮನಿಯ ಒಂದು ದೃಷ್ಟಾಂತಕ್ಕೆ ಬರುತ್ತೇವೆ. ಆಗ್ಸ್‌ಬರ್ಗ್ ಪಟ್ಟಣದ ಯಾಕೋಬ್ ಫುಗ್ಗರ್ ಚಕ್ರವರ್ತಿಗಳಿಗೇ ಸಾಲ ಕೊಡುತ್ತಿದ್ದ ಭಾರಿ ವರ್ತಕ. ಆತ ಸಂತನಲ್ಲ. ಆದರೂ 1521ರಲ್ಲಿ ಆತ ಬರೆದುಕೊಟ್ಟ ದತ್ತಿಪತ್ರದಿಂದ ಉಂಟಾದ 'ಫುಗ್ಗರೈ' ಎಂಬ ವಸತಿಯು ಐನೂರು ವರ್ಷಗಳನ್ನು ದಾಟಿ ಇಂದಿಗೂ ನಡೆಯುತ್ತಿದೆ. ದುಡಿದು ಬದುಕಿದರೂ ಕಷ್ಟಕ್ಕೆ ಸಿಕ್ಕಿದ, ಭಿಕ್ಷೆಗೆ ಇಳಿಯದ ಕಥೋಲಿಕ ಬಡವರಿಗಾಗಿ ಅದನ್ನು ಕಟ್ಟಲಾಯಿತು. ವರ್ಷದ ಬಾಡಿಗೆ ಒಂದು ರೈನ್ ಗಿಲ್ಡರ್ ನಾಣ್ಯ. ಈ ಮೊತ್ತವನ್ನು ಇದುವರೆಗೆ ಏರಿಸಿಲ್ಲ. ಇಂದಿನ ಲೆಕ್ಕದಲ್ಲಿ ಅದು 88 ಸೆಂಟ್, ಅಂದರೆ ಒಂದು ಯೂರೋಗಿಂತಲೂ ಕಡಿಮೆ. ನೀರು, ಬೆಳಕು ಮೊದಲಾದ ಖರ್ಚು ಬೇರೆ. ಇದರೊಡನೆ ನಿವಾಸಿಗಳು ದಿನಕ್ಕೊಮ್ಮೆ ಪರಲೋಕ ಮಂತ್ರ, ನಮೋ ಮರಿಯ ಮತ್ತು ವಿಶ್ವಾಸ ಪ್ರಮಾಣವನ್ನು ದತ್ತಿಕರ್ತನ ಕುಟುಂಬಕ್ಕಾಗಿ ಜಪಿಸಬೇಕು.

ಅಲ್ಲಿನ ಎರಡು ಏರ್ಪಾಡುಗಳು ನಮ್ಮ ಗಮನಕ್ಕೆ ಅರ್ಹವಾಗಿವೆ. ಪ್ರತಿಯೊಂದು ವಸತಿಗೂ ಬೀದಿಗೆ ತೆರೆಯುವ ಅದರದೇ ಬಾಗಿಲಿದೆ. ಕೆಳಗಿನವರಿಗೆ ಕೆಳಗಿನ ಬಾಗಿಲು, ಮೇಲಿನವರಿಗೆ ಪ್ರತ್ಯೇಕ ಬಾಗಿಲು. ಬಡವನನ್ನು ಸಾಲುಮಂಚದಲ್ಲಿ ಮಲಗಿಸದೆ, ಒಂದು ಮನೆಯ ಯಜಮಾನನನ್ನಾಗಿಯೇ ಇರಿಸಿಕೊಂಡರು. ಎರಡನೆಯದಾಗಿ, ಅತ್ಯಲ್ಪವಾದರೂ ಬಾಡಿಗೆಯೆಂಬುದಿದೆ. ಬಾಡಿಗೆ ಕೊಡುವವನು ತಲೆಯೆತ್ತಿ ನಡೆಯಬಲ್ಲನು. 1944ರ ಬಾಂಬ್ ದಾಳಿಯಲ್ಲಿ ಆ ವಸತಿಯ ಬಹುಭಾಗ ನಾಶವಾಯಿತು, ಮತ್ತೆ ಕಟ್ಟಲಾಯಿತು. ದತ್ತಿಯ ಮುಖ್ಯ ಆದಾಯ ಅದಕ್ಕೆ ಸೇರಿದ ಅರಣ್ಯಭೂಮಿಯಿಂದ ಬರುತ್ತದೆ. ಒಮ್ಮೆ ಚಂದಾ ಎತ್ತಿ ಕಟ್ಟಿದ ಕಟ್ಟಡವು ಒಂದು ತಲೆಮಾರಿಗೆ ಉಳಿದೀತು. ಆದಾಯದ ಮೂಲವುಳ್ಳ ದತ್ತಿಯು ಶತಮಾನಗಳ ಕಾಲ ಬಾಳುತ್ತದೆ.

ತನ್ನ ಹಾಸಿಗೆಯನ್ನೇ ಕೊಟ್ಟ ಸಂತಳು

ಫುಗ್ಗರನಂತೆ ಧನವಿಲ್ಲದವರು ಏನು ಮಾಡಬೇಕು? ಇದಕ್ಕೆ ಫ್ರಾನ್ಸಿನ ಬ್ರಿಟನಿ ಪ್ರಾಂತ್ಯದ ಸಂತ ಜೋನ್ ಜುಗಾನರ ಜೀವನವೇ ಉತ್ತರ. 1792ರಲ್ಲಿ ಕಾಂಕಾಲ್ ಎಂಬ ಊರಿನ ಮೀನುಗಾರರ ಮನೆಯಲ್ಲಿ ಹುಟ್ಟಿದ ಈಕೆ ಬಾಲ್ಯದಲ್ಲಿಯೇ ತಂದೆಯನ್ನು ಸಮುದ್ರದಲ್ಲಿ ಕಳೆದುಕೊಂಡು, ಪರರ ಮನೆಗಳಲ್ಲಿಯೂ ಆಸ್ಪತ್ರೆಯಲ್ಲಿಯೂ ದುಡಿದು ಬದುಕಿದವರು. 1839ರ ಚಳಿಗಾಲದಲ್ಲಿ ಸಾಂ ಸೆರ್ವಾಂ ಎಂಬಲ್ಲಿ, ಕುರುಡಿಯೂ ಪಾರ್ಶ್ವವಾಯು ಪೀಡಿತೆಯೂ ಆದ ಆನ್ ಶೊವಾಂ ಎಂಬ ನಿರ್ಗತಿಕ ವಿಧವೆಯನ್ನು ತಮ್ಮ ಬಾಡಿಗೆಯ ವಸತಿಗೆ ಕರೆತಂದು, ತಮ್ಮ ಹಾಸಿಗೆಯಲ್ಲಿಯೇ ಮಲಗಿಸಿ, ತಾವು ಅಟ್ಟಕ್ಕೆ ಹೋದರು. ಆಗ ಅವರ ವಯಸ್ಸು 47. ಬಳಿಕ ಬುಟ್ಟಿ ಹಿಡಿದು ಮನೆಮನೆಗೆ ಹೋಗಿ ವೃದ್ಧರಿಗಾಗಿ ಬೇಡತೊಡಗಿದರು. ಆ ಒಂದು ಹಾಸಿಗೆಯಿಂದ 'ಲಿಟಲ್ ಸಿಸ್ಟರ್ಸ್ ಆಫ್ ದಿ ಪೂವರ್' ಎಂಬ ಧರ್ಮಭಗಿನಿಯರ ಸಭೆ ಬೆಳೆಯಿತು. ಸ್ಥಾಪಕಿಯನ್ನು ಮಾತ್ರ ಅಧಿಕಾರದಿಂದ ದೂರವಿರಿಸಲಾಯಿತು; 1879ರಲ್ಲಿ ಅವರು ನಿಧನರಾದಾಗ ಅವರೇ ಮೊದಲಿಗರೆಂಬುದು ಅಲ್ಲಿನ ಅನೇಕ ಕಿರಿಯ ಭಗಿನಿಯರಿಗೆ ತಿಳಿದಿರಲಿಲ್ಲ. 1982ರಲ್ಲಿ ಅವರನ್ನು ಪುನೀತರೆಂದೂ, 2009ರ ಅಕ್ಟೋಬರ್ 11ರಂದು ಜಗದ್ಗುರು ಹದಿನಾರನೇ ಬೆನೆಡಿಕ್ಟರು ಸಂತರೆಂದೂ ಘೋಷಿಸಿದರು.

ಈ ಭಗಿನಿಯರು 1882ರಲ್ಲಿ ಕಲ್ಕತ್ತೆಗೂ, 1900ರಲ್ಲಿ ನಮ್ಮ ಬೆಂಗಳೂರಿಗೂ ಬಂದರು. ಹೊಸೂರು ರಸ್ತೆಯ ಅವರ ವೃದ್ಧಾಶ್ರಮವು ಜಾತಿಮತ ಭೇದವಿಲ್ಲದೆ ಬಡ ವೃದ್ಧರಿಗೆ ಆಶ್ರಯ ನೀಡುತ್ತ ಬಂದಿದೆ. ನಿಶ್ಚಿತ ಆದಾಯವನ್ನು ನೆಚ್ಚದೆ, ದೈವಾನುಗ್ರಹವನ್ನೂ ಜನರ ಔದಾರ್ಯವನ್ನೂ ನಂಬಿ ನಡೆಯುವುದು ಅವರ ಪದ್ಧತಿ. ಇದೇ ರೀತಿ 1833ರಲ್ಲಿ ಪ್ಯಾರಿಸಿನ ವಿದ್ಯಾರ್ಥಿ ಫ್ರೆಡರಿಕ್ ಓಜನಾಮ್ ಮತ್ತು ಗೆಳೆಯರು ಆರಂಭಿಸಿದ ಸಂತ ವಿನ್ಸೆಂಟ್ ದೆ ಪೌಲರ ಸಭೆಯು ಬಡವರ ಮನೆಗೇ ಹೋಗಿ ನೋಡಬೇಕೆಂಬ ನಿಯಮವನ್ನು ಇಟ್ಟುಕೊಂಡಿದೆ. ಸೋರುವ ಮಾಡು, ಬಾಕಿಬಿದ್ದ ಬಾಡಿಗೆ, ಹತ್ತಲಾಗದ ಮೆಟ್ಟಿಲು ಇವೆಲ್ಲ ಮನೆಗೆ ಹೋದವರಿಗೆ ಮಾತ್ರ ಕಾಣುತ್ತವೆ.

ನಮ್ಮ ನಾಡಿನ ಇಂದಿನ ಸ್ಥಿತಿ

ಹಿಂದೆ ಅವಿಭಕ್ತ ಕುಟುಂಬವೇ ವೃದ್ಧರ ಆಶ್ರಯವಾಗಿತ್ತು. ಈಗ ಮಕ್ಕಳು ಉದ್ಯೋಗಕ್ಕಾಗಿ ಬೆಂಗಳೂರು, ಮುಂಬಯಿ, ಕೊಲ್ಲಿ ರಾಷ್ಟ್ರಗಳಲ್ಲಿ ನೆಲೆಸಿದ್ದಾರೆ. ಒಂದೇ ಕೋಣೆಯ ಬಾಡಿಗೆ ಮನೆಯಲ್ಲಿ ಸಂಸಾರ ನಡೆಸುವ ಮಗನಿಗೆ ತಾಯಿಯನ್ನು ಕರೆತರುವ ಮನಸ್ಸಿದ್ದರೂ ಸ್ಥಳವಿರುವುದಿಲ್ಲ. ಅಂಥವನನ್ನು ನಿಂದಿಸುವುದು ನ್ಯಾಯವಲ್ಲ. ಅವನಿಗೆ ನೆರವಾಗುವುದು ಧರ್ಮ.

ಸರ್ಕಾರದ ನೆರವು ಇದೆ, ಆದರೆ ಸ್ವಲ್ಪ. ಇಂದಿರಾ ಗಾಂಧಿ ರಾಷ್ಟ್ರೀಯ ವೃದ್ಧಾಪ್ಯ ವೇತನದಲ್ಲಿ ಕೇಂದ್ರದ ಪಾಲು 60ರಿಂದ 79 ವರ್ಷದವರಿಗೆ ತಿಂಗಳಿಗೆ 200 ರೂಪಾಯಿ, 80 ದಾಟಿದವರಿಗೆ 500 ರೂಪಾಯಿ. ನಮ್ಮ ರಾಜ್ಯದಲ್ಲಿ 65 ತುಂಬಿದವರಿಗಾಗಿ 2007ರಲ್ಲಿ ಸಂಧ್ಯಾ ಸುರಕ್ಷಾ ಯೋಜನೆ ಬಂದಿತು. ಈ ಹಣ ಔಷಧಿಗೆ ಆದೀತೇ ಹೊರತು ಪಟ್ಟಣದ ಬಾಡಿಗೆಗೆ ಸಾಲದು. 2007ರಲ್ಲಿಯೇ ಅಂಗೀಕಾರವಾದ ತಂದೆತಾಯಿಗಳ ಹಾಗೂ ಹಿರಿಯ ನಾಗರಿಕರ ಪೋಷಣೆ ಮತ್ತು ಕಲ್ಯಾಣ ಕಾಯಿದೆಯು, ಮಕ್ಕಳಿಂದ ಜೀವನಾಂಶ ಪಡೆಯುವ ಹಕ್ಕನ್ನು ಹೆತ್ತವರಿಗೆ ನೀಡಿದೆ. ಉಪವಿಭಾಗಾಧಿಕಾರಿಗಳ ಮುಂದೆ ಅರ್ಜಿ ಸಲ್ಲಿಸಬಹುದು. 150 ಮಂದಿ ನಿರ್ಗತಿಕ ವೃದ್ಧರಿಗೆ ಸ್ಥಳಾವಕಾಶವುಳ್ಳ ಆಶ್ರಮವೊಂದಾದರೂ ಪ್ರತಿ ಜಿಲ್ಲೆಯಲ್ಲಿ ಇರಬೇಕೆಂಬ ಆಶಯವೂ ಅದರಲ್ಲಿದೆ.

ಇದೇ ಕಾಯಿದೆಯ 23ನೇ ಕಲಮನ್ನು ನಮ್ಮ ಹಿರಿಯರು ತಿಳಿದಿರಬೇಕು. ತಮ್ಮನ್ನು ನೋಡಿಕೊಳ್ಳಬೇಕೆಂಬ ಷರತ್ತಿನ ಮೇಲೆ ಮನೆಯನ್ನು ದಾನಪತ್ರ ಮಾಡಿಕೊಟ್ಟು, ಪಡೆದವರು ಆ ಷರತ್ತನ್ನು ಮುರಿದರೆ, ಆ ದಾನವನ್ನು ರದ್ದುಪಡಿಸಲು ಅವಕಾಶವಿದೆ. ಆದುದರಿಂದ ಷರತ್ತನ್ನು ಬಾಯಿಮಾತಿಗೆ ಬಿಡದೆ ಪತ್ರದಲ್ಲಿಯೇ ಬರೆಯಿಸಬೇಕು. ಅಂತೆಯೇ, ಜೀವಮಾನದ ಉಳಿತಾಯವನ್ನೆಲ್ಲ ಭೋಗ್ಯಕ್ಕೆ ಕೊಟ್ಟು ಮನೆ ಹಿಡಿಯುವ ಹಿರಿಯರು, ಕರಾರುಪತ್ರವನ್ನು ನೋಂದಣಿ ಮಾಡಿಸದೆ ಹಣ ಕೊಡಬಾರದು. ಮಕ್ಕಳ ಮೇಲಿನ ಪ್ರೀತಿಗೂ ಮನೆಯೊಡೆಯನ ಮೇಲಿನ ವಿಶ್ವಾಸಕ್ಕೂ ಬರವಣಿಗೆಯಿಂದ ಕುಂದು ಬಾರದು.

ನಮ್ಮ ಹೊಣೆ

ಈ ಚರಿತ್ರೆಯಿಂದ ನಾವು ಕಲಿಯಬೇಕಾದುದು ಒಂದೇ: ಬಡ ವೃದ್ಧರಿಗೆ ಸೂರು ಒದಗಿಸುವುದು ಹಬ್ಬದ ದಿನದ ದಾನವಲ್ಲ, ಅದು ಋಣ. ಆ ಋಣಕ್ಕೆ ಸಂತ ಪೌಲರ ಪತ್ರವು ಹೇಳಿದ ಕ್ರಮವಿದೆ. ಮೊದಲು ಮಕ್ಕಳು. ಮೂವರು ಮಕ್ಕಳಿದ್ದಲ್ಲಿ ಒಬ್ಬರ ಮೇಲೆಯೇ ಭಾರ ಹೊರಿಸದೆ, ಸ್ಥಳವುಳ್ಳವರು ಸ್ಥಳವನ್ನೂ, ಸಂಬಳವುಳ್ಳವರು ಬಾಡಿಗೆಯ ಪಾಲನ್ನೂ, ಸಮಯವುಳ್ಳವರು ಆರೈಕೆಯನ್ನೂ ಕೊಡಲಿ. ಮಕ್ಕಳಿಂದ ಆಗದಿದ್ದಲ್ಲಿ ಅಥವಾ ಮಕ್ಕಳೇ ಇಲ್ಲದಿದ್ದಲ್ಲಿ ಧರ್ಮಕೇಂದ್ರವು ಮುಂದೆ ಬರಲಿ. ಶುಶ್ರೂಷೆ ಬೇಕಾದ ಸ್ಥಿತಿಯಲ್ಲಿ ಭಗಿನಿಯರ ಆಶ್ರಮಕ್ಕೆ ಸೇರುವುದು ಅವಮಾನವಲ್ಲ. ಸೇರಿಸಿದ ಮೇಲೆ ಭೇಟಿಗೆ ಹೋಗದಿರುವುದೇ ಅವಮಾನ.

ಶತಮಾನೋತ್ಸವದ ನೆನಪಿಗಾಗಿ ಗವಿ, ಕಮಾನು, ಸಭಾಂಗಣಗಳ ಸೂಚನೆಗಳು ಇಂಥ ಸಂದರ್ಭಗಳಲ್ಲಿ ಬರುವುದು ಸಹಜ. ಅವುಗಳ ಜೊತೆಗೆ ನಮ್ಮದೊಂದು ಬಿನ್ನಹವಿದೆ. ದೇವಾಲಯದ ಗಂಟೆ ಕೇಳಿಸುವಷ್ಟು ಹತ್ತಿರದಲ್ಲಿ, ಮೆಟ್ಟಿಲಿಲ್ಲದ ನೆಲಮಟ್ಟದ ನಾಲ್ಕಾರು ಸಣ್ಣ ಮನೆಗಳು. ಪ್ರತಿಯೊಂದಕ್ಕೂ ಅದರದೇ ಬಾಗಿಲು, ಅದರದೇ ಒಲೆ, ಅದರದೇ ಬೀಗದ ಕೈ. ಶಕ್ತಿಗೆ ತಕ್ಕ ಬಾಡಿಗೆ. ದುರಸ್ತಿಗೆಂದು ಮೀಸಲಾದ ಒಂದು ಶಾಶ್ವತ ನಿಧಿ. ಅದಕ್ಕೆ ಹಣ ಕೂಡುವ ತನಕ, ಮನೆಯಲ್ಲಿ ಬರಿದಾಗಿರುವ ಕೋಣೆಯುಳ್ಳವರು ಅದನ್ನು ಒಬ್ಬ ಹಿರಿಯರಿಗೆ ಕಡಿಮೆ ಬಾಡಿಗೆಗೆ ಕೊಡಬಹುದು. ಜೋನ್ ಜುಗಾನರು ಕಟ್ಟಡಕ್ಕಾಗಿ ಕಾಯಲಿಲ್ಲ.

2021ರಿಂದ ಪ್ರತಿ ವರ್ಷ ಜುಲೈ ತಿಂಗಳ ನಾಲ್ಕನೆಯ ಭಾನುವಾರವನ್ನು ಅಜ್ಜ-ಅಜ್ಜಿಯರ ಹಾಗೂ ವೃದ್ಧರ ವಿಶ್ವದಿನವಾಗಿ ಧರ್ಮಸಭೆಯು ಆಚರಿಸುತ್ತಿದೆ. ಅದು ಮಾತೆ ಮರಿಯಳ ತಂದೆತಾಯಿಗಳಾದ ಸಂತ ಜೋಕಿಮ್ ಮತ್ತು ಸಂತ ಅನ್ನಮ್ಮನವರ ಹಬ್ಬಕ್ಕೆ ಸಮೀಪದ ಭಾನುವಾರ. ಅಂದು ಹಿರಿಯರಿಗೆ ಹೂವು ಕೊಡುವ ಕೈಗಳು ಮಿಕ್ಕ ದಿನಗಳಲ್ಲಿ ಅವರ ಮನೆಯ ಬಾಗಿಲನ್ನೂ ತಟ್ಟಲಿ.

ನೂರು ವರ್ಷಗಳಿಂದ ಈ ದೇವಾಲಯವನ್ನು ಕಾಪಾಡಿದ ದೇವರು ನಮ್ಮ ಧರ್ಮಕೇಂದ್ರದ ಎಲ್ಲ ವೃದ್ಧ ತಂದೆತಾಯಿಗಳನ್ನೂ ಆಶೀರ್ವದಿಸಲಿ. ಶಿಷ್ಯನ ಮನೆಯಲ್ಲಿ ಆಶ್ರಯ ಪಡೆದ ಮಾತೆ ಮರಿಯಳು ಅವರಿಗಾಗಿ ಪ್ರಾರ್ಥಿಸಲಿ ಎಂದು ಹಾರೈಸುತ್ತೇವೆ.