ಕಾವೇರಿ ಹರಿಯದ ಊರಿನಿಂದ ಬಂದವರು

2016ರ ಸೆಪ್ಟೆಂಬರ್ 12, ಸೋಮವಾರ. ಸಂಜೆ ಆಫೀಸಿನಿಂದ ವೇಳಚೇರಿಯ ಮನೆಗೆ ಬಂದಾಗ ಓನರ್ ಗೇಟಿನ ಬಳಿಯೇ ಕಾಯುತ್ತಿದ್ದರು. "ತಂಬಿ, ವಂಡಿಯ ಉಳ್ಳ ವೈ" ಎಂದರು. ಗಾಡಿ ಒಳಗಿಡು ಅಂತ. ನನ್ನ ಬೈಕಿನದು ಕೆಎ 20, ಉಡುಪಿಯ ನಂಬರು. ಒಳಗೆ ತಂದು ನಿಲ್ಲಿಸಿದ ಮೇಲೆ ಅವರೇ ಒಂದು ಹಳೆಯ ಲುಂಗಿ ತಂದು ನಂಬರ್ ಪ್ಲೇಟು ಕಾಣದ ಹಾಗೆ ಹೊದಿಸಿದರು. ಮನಸ್ಸು ತುಂಬಿ ಬಂತು. ಅಷ್ಟರಲ್ಲಿ, "ಆದರೂ ನಿಮ್ಮವರು ಮಾಡುತ್ತಿರುವುದು ಸರಿಯಿಲ್ಲ" ಎಂದೂ ಸೇರಿಸಿದರು.

ನಿಮ್ಮವರು ಅಂದರೆ ಯಾರು? ನಮ್ಮ ಕಡೆ ಹರಿಯುವುದು ಸ್ವರ್ಣಾ, ಸೀತಾ, ಸೌಪರ್ಣಿಕಾ. ಕಾವೇರಿಯ ಒಂದು ಹನಿಯೂ ಉಡುಪಿಯ ಗದ್ದೆಗೆ ಬರುವುದಿಲ್ಲ. ನಮ್ಮ ಮಳೆ ಘಟ್ಟದಿಂದ ಇಳಿದು ನೇರ ಅರಬ್ಬಿ ಸಮುದ್ರ ಸೇರುತ್ತದೆ. ಇದನ್ನೆಲ್ಲ ಅವರಿಗೆ ಹೇಳಬೇಕೆಂದುಕೊಂಡೆ. ಹೇಳಲಿಲ್ಲ.

ಅಂದು ನಸುಕಿನಲ್ಲಿ ಮೈಲಾಪುರದ ರಾಧಾಕೃಷ್ಣನ್ ಸಾಲೆಯಲ್ಲಿರುವ ನ್ಯೂ ವುಡ್‌ಲ್ಯಾಂಡ್ಸ್ ಹೋಟೆಲಿನ ಮೇಲೆ ಪೆಟ್ರೋಲ್ ಬಾಂಬ್ ಎಸೆದಿದ್ದರು. ಕಿಟಕಿ ಗಾಜು ಒಡೆದಿತ್ತು. ಕರ್ನಾಟಕದಲ್ಲಿ ತಮಿಳರ ಮೇಲೆ ಕೈ ಮಾಡಿದರೆ ಇಲ್ಲಿ ಇದೇ ಗತಿ ಎಂಬ ಬೆದರಿಕೆಯ ಚೀಟಿಗಳೂ ಸಿಕ್ಕವು. ರಾಮೇಶ್ವರದಲ್ಲಿ ನಮ್ಮ ಕಡೆಯ ಯಾತ್ರಿಕರ ಗಾಡಿಗಳಿಗೆ ಕಲ್ಲು ಬಿತ್ತು. ಅದಕ್ಕೆ ಒಂದು ವಾರ ಮೊದಲು, ಸೆಪ್ಟೆಂಬರ್ 5ರಂದು, ಸುಪ್ರೀಂ ಕೋರ್ಟು ಹತ್ತು ದಿನ ದಿನಕ್ಕೆ 15,000 ಕ್ಯೂಸೆಕ್ಸ್ ನೀರು ಬಿಡಿ ಎಂದು ಕರ್ನಾಟಕಕ್ಕೆ ಆದೇಶಿಸಿತ್ತು. ಮಿಕ್ಕದ್ದು ನಿಮಗೆಲ್ಲ ಗೊತ್ತು.

ಆ ಹೋಟೆಲಿನ ಕಥೆಯೇ ನನ್ನನ್ನು ಹಳೆಯ ಇತಿಹಾಸಕ್ಕೆ ಎಳೆದದ್ದು. ಅದನ್ನು ಕಟ್ಟಿದವರು ಕೆ. ಕೃಷ್ಣರಾವ್, ದಕ್ಷಿಣ ಕನ್ನಡದ ಕಡಂದಲೆಯವರು. ಬಡ ಮನೆಯ ಹುಡುಗ. 1920ರ ದಶಕದಲ್ಲಿ ಮದರಾಸಿಗೆ ಬಂದು ಹೋಟೆಲ್ ಅಡುಗೆಮನೆಯಲ್ಲಿ ದುಡಿದರು. ಆಮೇಲೆ ಮೌಂಟ್ ರೋಡಿನಲ್ಲಿ ಉಡುಪಿ ಶ್ರೀಕೃಷ್ಣ ವಿಲಾಸ, ರಾಯಪೇಟೆಯ ಬಂಗಲೆಯಲ್ಲಿ ವುಡ್‌ಲ್ಯಾಂಡ್ಸ್, 1950ರ ದಶಕದ ಆರಂಭಕ್ಕೆ ಮೈಲಾಪುರದ ನ್ಯೂ ವುಡ್‌ಲ್ಯಾಂಡ್ಸ್, 1962ರಲ್ಲಿ ಡ್ರೈವ್ ಇನ್. ಮದರಾಸಿನ ಮೂರು ತಲೆಮಾರು ಡ್ರೈವ್ ಇನ್‌ನಲ್ಲಿ ಕಾಫಿ ಕುಡಿದಿದೆ. 2008ರಲ್ಲಿ ಅದು ಮುಚ್ಚಿತು. ಈಗ ಅಲ್ಲಿ ಸೆಮ್ಮೊಳಿ ಪೂಂಗಾ, ಅಂದರೆ ಶಾಸ್ತ್ರೀಯ ಭಾಷೆಯ ಹೆಸರಿನ ಉದ್ಯಾನ ಇದೆ.

ಆ ಹುಡುಗ ಮದರಾಸಿಗೆ ಬಂದಾಗ ಹೊರ ರಾಜ್ಯಕ್ಕೆ ಬಂದವನಾಗಿರಲಿಲ್ಲ. 1799ರಲ್ಲಿ ಟಿಪ್ಪು ಸತ್ತ ಮೇಲೆ ಕಂಪನಿಯ ಕೈಗೆ ಹೋದ ಕೆನರಾ ಮದರಾಸು ಪ್ರಾಂತಕ್ಕೆ ಸೇರಿತ್ತು. 1862ರಲ್ಲಿ ಉತ್ತರ ಕನ್ನಡವನ್ನು ಮುಂಬಯಿಗೆ ಕೊಟ್ಟರೂ ದಕ್ಷಿಣ ಕನ್ನಡ ಮದರಾಸಿನಲ್ಲೇ ಉಳಿಯಿತು. ಮಂಗಳೂರಿನವರಿಗೆ ಹೈಕೋರ್ಟು, ಲಾ ಕಾಲೇಜು, ಯೂನಿವರ್ಸಿಟಿ ಎಲ್ಲ ಮದರಾಸೇ. ಬೆಂಗಳೂರು ಇದ್ದದ್ದು ಘಟ್ಟದ ಆಚೆಗಿನ, ಬೇರೊಬ್ಬ ಅರಸರ ಮೈಸೂರಿನಲ್ಲಿ.

ಮಜಾ ಇರುವುದು ಇಲ್ಲಿ. ಕಾವೇರಿ ಜಗಳದ ಬೇರು ಅಂತ ಎಲ್ಲರೂ ಹೇಳುವುದು 1892 ಮತ್ತು 1924ರ ಒಪ್ಪಂದಗಳನ್ನು. ಎರಡೂ ಆದದ್ದು ಮೈಸೂರು ಮತ್ತು ಮದರಾಸಿನ ನಡುವೆ. 1924ರಲ್ಲಿ ಮೈಸೂರಿಗೆ ಕನ್ನಂಬಾಡಿ ಕಟ್ಟೆ, ಮದರಾಸಿಗೆ ಮೆಟ್ಟೂರು ಎಂದು ಸಹಿ ಬಿದ್ದಾಗ ಉಡುಪಿಯವರು ಕಾಗದದ ಮೇಲೆ ಮದರಾಸಿನ ಪಾಳಿಯಲ್ಲಿದ್ದರು! ಕೃಷ್ಣರಾಯರಂಥವರು ತಂಜಾವೂರಿನ ರೈತನ ಪ್ರಾಂತದವರು, ಮಂಡ್ಯದ ರೈತನ ಪ್ರಾಂತದವರಲ್ಲ. 1956ರ ನವೆಂಬರ್ 1ರಂದು ಗಡಿ ಬದಲಾಯಿತು. ಮೈಲಾಪುರದ ಹೋಟೆಲು ಇದ್ದಲ್ಲೇ ಇತ್ತು, ಕೃಷ್ಣರಾಯರೂ ಇದ್ದಲ್ಲೇ ಇದ್ದರು. ಅವರು ಬಿಟ್ಟು ಬಂದ ಊರು ಮಾತ್ರ ಮೈಸೂರು ರಾಜ್ಯಕ್ಕೆ ಸೇರಿತು. ಅರವತ್ತು ವರ್ಷದ ನಂತರ ಬಾಂಬ್ ಎಸೆದವರ ಲೆಕ್ಕದಲ್ಲಿ ಹೋಟೆಲು ನೀರು ಬಿಡದ ಕರ್ನಾಟಕದ್ದು.

ಇದನ್ನು ಬರೆಯುವಾಗ ನಾವೇ ಪೂರ್ತಿ ನಿರಪರಾಧಿಗಳು ಎಂಬ ಧಾಟಿ ನುಸುಳುತ್ತದೆ. ಹಾಗಾಗಬಾರದು. 1991ರ ಜೂನ್ 25ರಂದು ನ್ಯಾಯಮಂಡಳಿ ವರ್ಷಕ್ಕೆ 205 ಟಿಎಂಸಿ ನೀರು ಬಿಡಬೇಕೆಂದು ಮಧ್ಯಂತರ ಆದೇಶ ಕೊಟ್ಟಿತು. ಬಂಗಾರಪ್ಪನವರ ಸರ್ಕಾರ ಅದಕ್ಕೆ ಎದುರಾಗಿ ಸುಗ್ರೀವಾಜ್ಞೆ ತಂದಿತು, ಸುಪ್ರೀಂ ಕೋರ್ಟು ಅದನ್ನು ಒಪ್ಪಲಿಲ್ಲ. ಡಿಸೆಂಬರಿನಲ್ಲಿ ಆದೇಶ ಕೇಂದ್ರದ ಗೆಜೆಟ್‌ನಲ್ಲಿ ಬಂದದ್ದೇ ಬೆಂಗಳೂರು ಹೊತ್ತಿಕೊಂಡಿತು. ತಮಿಳರ ಅಂಗಡಿ, ಗುಡಿಸಲು, ತಮಿಳುನಾಡಿನ ನಂಬರಿನ ಗಾಡಿಗಳು ಉರಿದವು. ಹದಿನೈದಕ್ಕೂ ಹೆಚ್ಚು ಜನ ಸತ್ತರು, ಸಾವಿರಾರು ಮಂದಿ ಊರು ಬಿಟ್ಟರು. ತಮಿಳುನಾಡಿನಲ್ಲೂ ಕನ್ನಡಿಗರ ಮೇಲೆ ಪ್ರತೀಕಾರದ ಹಲ್ಲೆ ನಡೆಯಿತು. ಆದರೆ ತಕ್ಕಡಿಯ ಎರಡೂ ತಟ್ಟೆ ಸಮ ಎನ್ನುವುದು ಸುಳ್ಳು. ಓಡಿಹೋದವರಲ್ಲಿ ಬೆಂಗಳೂರಿನಲ್ಲೇ ಹುಟ್ಟಿ ಬೆಳೆದ ಕೂಲಿಕಾರರಿದ್ದರು. ಅವರಿಗೂ ತಂಜಾವೂರಿನ ಕುರುವೈ ಬೆಳೆಗೂ ಏನು ಸಂಬಂಧ? ಉಡುಪಿಗೂ ಕನ್ನಂಬಾಡಿಗೂ ಇದ್ದಷ್ಟೇ.

2016ರಲ್ಲೂ ಅದೇ. ಚೆನ್ನೈಯಲ್ಲಿ ಒಂದು ಹೋಟೆಲಿನ ಗಾಜು ಒಡೆದ ದಿನವೇ ಬೆಂಗಳೂರಿನ ಒಂದೇ ಡಿಪೋದಲ್ಲಿ ಕೆಪಿಎನ್ ಸಂಸ್ಥೆಯ ನಲವತ್ತಕ್ಕೂ ಹೆಚ್ಚು ಬಸ್ಸು ಸುಟ್ಟವು, ಪೊಲೀಸರ ಗುಂಡಿಗೆ ಒಬ್ಬ ಯುವಕ ಬಲಿಯಾದ. ಬಸ್ಸುಗಳು ಗಡಿ ದಾಟುವುದನ್ನು ನಿಲ್ಲಿಸಿದವು. ಅತ್ತಿಬೆಲೆಯಲ್ಲಿ ಇಳಿದು, ಬ್ಯಾಗು ಹೆಗಲಿಗೇರಿಸಿ, ಜೂಜುವಾಡಿಯ ತನಕ ನಡೆದು ಹೊಸೂರಿನ ಬಸ್ಸು ಹಿಡಿದವರಲ್ಲಿ ನಾನೂ ಒಬ್ಬ. ಮುಂದೆ ನಡೆಯುತ್ತಿದ್ದ ಹೆಂಗಸು ಮಗುವಿಗೆ ತಮಿಳಿನಲ್ಲಿ ಸಮಾಧಾನ ಹೇಳುತ್ತಿದ್ದವರು ಪೊಲೀಸರ ಹತ್ತಿರ ಬರುತ್ತಿದ್ದಂತೆ ಸುಮ್ಮನಾದರು. ಗಡಿ ದಾಟಿದ ಮೇಲೆ ಸುಮ್ಮನಾಗುವ ಸರದಿ ನನ್ನದು.

ನಮ್ಮ ರಾಜ್‌ಕುಮಾರ್ ಹುಟ್ಟಿದ ಗಾಜನೂರು ಕೂಡ ಇಂದಿನ ತಮಿಳುನಾಡಿನ ತಾಳವಾಡಿ ಸೀಮೆಯದು. ಅವರ ಮಕ್ಕಳು ಹುಟ್ಟಿದ್ದು ಮದರಾಸಿನಲ್ಲಿ, ಕನ್ನಡ ಸಿನಿಮಾ ಕೋಡಂಬಾಕ್ಕಂನ ಸ್ಟುಡಿಯೋಗಳಲ್ಲಿ ತಯಾರಾಗುತ್ತಿದ್ದ ಕಾಲದಲ್ಲಿ. 2000ದ ಜುಲೈ 30ರಂದು ವೀರಪ್ಪನ್ ಅವರನ್ನು ಗಾಜನೂರಿನ ಮನೆಯಿಂದಲೇ ಹೊತ್ತೊಯ್ದ. ತಮ್ಮದೇ ಊರಿನಲ್ಲಿದ್ದ ಎಪ್ಪತ್ತು ದಾಟಿದ ಮುದುಕರು ಒಂದು ರಾತ್ರಿಯಲ್ಲಿ ಎರಡು ರಾಜ್ಯಗಳ ನಡುವಿನ ಒತ್ತೆಯಾಳಾದರು. 108 ದಿನ ಕಾಡಿನಲ್ಲಿದ್ದರು. ವೀರಪ್ಪನ್ ಇಟ್ಟ ಬೇಡಿಕೆಗಳಲ್ಲಿ 1991ರ ಗಲಭೆಯ ಸಂತ್ರಸ್ತರಿಗೆ ಪರಿಹಾರವೂ ಇತ್ತು, ಬೆಂಗಳೂರಿನಲ್ಲಿ ಮುಸುಕು ಹಾಕಿ ನಿಲ್ಲಿಸಿದ್ದ ತಿರುವಳ್ಳುವರ್ ಪ್ರತಿಮೆಯ ಅನಾವರಣವೂ ಇತ್ತು.

ಹಲಸೂರಿನ ಆ ಪ್ರತಿಮೆ ಹದಿನೆಂಟು ವರ್ಷ ಮುಸುಕಿನಲ್ಲೇ ನಿಂತಿತ್ತು. ನನ್ನ ಬೈಕಿನ ಲುಂಗಿ ನೆನಪಾಗುತ್ತದೆ. 2009ರ ಆಗಸ್ಟ್ 9ರಂದು ಯಡಿಯೂರಪ್ಪ, ಕರುಣಾನಿಧಿ ಇಬ್ಬರೂ ನಿಂತು ಅದನ್ನು ತೆರೆದರು. ನಾಲ್ಕು ದಿನ ಬಿಟ್ಟು, 13ಕ್ಕೆ, ಚೆನ್ನೈಯ ಅಯನಾವರಂನ ಪಾರ್ಕಿನಲ್ಲಿ ಸರ್ವಜ್ಞ ಬಂದು ನಿಂತ. ಒಬ್ಬ ಬಂದರೆ ಇನ್ನೊಬ್ಬ ಎಂಬ ಕರಾರಿನ ಮೇಲೆ ಕವಿಗಳೂ ಗಡಿ ದಾಟಬೇಕಾಯಿತು. ಊರೂರು ತಿರುಗಿದ ಸರ್ವಜ್ಞನಿಗೆ ಇದು ಹೇಗೆ ಕಾಣುತ್ತಿತ್ತೋ.

ಆ ಸೆಪ್ಟೆಂಬರಿನಲ್ಲಿ ಓನರಿಗೆ ಹೇಳದ ಮಾತು ಎರಡು ದಿನದ ನಂತರ ಬೇರೆ ರೀತಿಯಲ್ಲಿ ಹೊರಬಂತು. ಆಟೋದವರು ಯಾವ ಊರು ಎಂದು ಕೇಳಿದರು. ಮಂಗಳೂರು ಕಡೆ ಎಂದೆ. "ಓ, ಕೇರಳಾ?" ಎಂದರು. ನಾನು ಹ್ಞೂಂ ಅನ್ನಲಿಲ್ಲ, ಊಹ್ಞೂಂ ಅಂತಲೂ ಅನ್ನಲಿಲ್ಲ. ಕಾವೇರಿ ನಮ್ಮೂರಲ್ಲಿ ಹರಿಯುವುದಿಲ್ಲ ಎಂಬ ನನ್ನ ವಾದ ಎಷ್ಟು ಸುಲಭವಾಗಿ ನಾನು ಮಂಡ್ಯದವನಲ್ಲ, ಅವರನ್ನು ಹಿಡಿಯಿರಿ ಎಂಬಲ್ಲಿಗೆ ಹೋಗಿ ಮುಟ್ಟುತ್ತದೆ ಎಂದು ಹೊಳೆದದ್ದು ಇಳಿದು ದುಡ್ಡು ಕೊಟ್ಟ ಮೇಲೆ.

ಮೊನ್ನೆ ಸರ್ವಜ್ಞನನ್ನು ನೋಡಲು ಅಯನಾವರಂಗೆ ಆಟೋ ಹಿಡಿದೆ. ಮತ್ತೆ ಅದೇ ಪ್ರಶ್ನೆ. "ಉಡುಪಿ, ಕರ್ನಾಟಕ" ಎಂದೆ, ಸ್ವಲ್ಪ ಜೋರಾಗಿಯೇ.

"ಉಡುಪಿಯಾ?" ಆಟೋದವರು ಕನ್ನಡಿಯಲ್ಲಿ ನನ್ನನ್ನು ನೋಡಿದರು. "ಯಾವ ಏರಿಯಾದಲ್ಲಿದೆ ಸಾರ್ ನಿಮ್ಮ ಹೋಟೆಲು?"